ಬೇಟೆಯ ಬಯಲಿನಲ್ಲಿ ಕೆರಳುವ ಕುದುರೆ

ಜಿಜ್ಞಾಸು: ಇಂಗ್ಲೆಂಡು, ಐರ್ಲೆಂಡುಗಳಲ್ಲಿ ನಾಯಿಹಿಂಡನ್ನು ಹಿಂಬಾಲಿಸಿ ಕುದುರೆಯ ಮೇಲೆ ಬೇಟೆಗೆ ಹೋಗುವವರ ನಡುವೆ ಒಂದು ದೂರು ಬಹಳ ಹಳೆಯದು. ಹಳ್ಳಿಯ ರಸ್ತೆಯಲ್ಲಿ ಸಡಿಲ ಲಗಾಮಿನಲ್ಲಿ ತಲೆ ತಗ್ಗಿಸಿ ನಡೆಯುವ ಕುದುರೆಯೇ ಬೇಟೆಯ ದಿನ ಐವತ್ತು ಅರುವತ್ತು ಕುದುರೆಗಳ ನಡುವೆ ನಿಂತೊಡನೆ ಬೆವರಿ, ನಡುಗಿ, ನಿಂತಲ್ಲಿ ನಿಲ್ಲದೆ, ಬೆನ್ನ ಮೇಲೆ ಸವಾರನೊಬ್ಬನಿದ್ದಾನೆಂಬುದನ್ನೇ ಮರೆತಂತೆ ವರ್ತಿಸುತ್ತದೆ ಎಂಬುದು ಆ ದೂರು. ಇದನ್ನು ಕುದುರೆಯ ಹುಟ್ಟುಗುಣವೆನ್ನಬೇಕೋ, ಪಳಗಿಸುವಾಗ ಉಳಿದ ಕೊರತೆಯೆನ್ನಬೇಕೋ, ಸವಾರನ ಕೈಯ ದೋಷವೆನ್ನಬೇಕೋ?

ಅಶ್ವಜ್ಞ: ಮೂರೂ ಸೇರಿರಬಹುದು, ಆದರೆ ಮೊದಲು ವಿಚಾರಿಸಬೇಕಾದದ್ದು ಆ ದಿನ ಕುದುರೆಗೆ ಏನು ಕಾಣುತ್ತದೆ ಎಂಬುದನ್ನು. ಬೇಟೆ ಎಂಬುದು ಮನುಷ್ಯನ ಮತ್ತು ನಾಯಿಯ ವ್ಯವಹಾರವೇ ಹೊರತು ಕುದುರೆಯದಲ್ಲ. ಹುಲ್ಲು ಮೇಯುವ, ತಾನೇ ಮಾಂಸಾಹಾರಿಗಳಿಗೆ ಬಲಿಯಾಗುತ್ತ ಬಂದ ಕುಲದಲ್ಲಿ ಹುಟ್ಟಿದ ಪ್ರಾಣಿಗೆ ಅಟ್ಟಿಸಿಕೊಂಡು ಹೋಗುವುದೆಂದರೇನೆಂದು ತಿಳಿಯದು, ಅದಕ್ಕೆ ತಿಳಿದಿರುವುದು ಓಡಿ ಪಾರಾಗುವುದು ಮಾತ್ರ. ಹಿಂಡಿನಲ್ಲಿ ಒಂದು ಕುದುರೆ ತಲೆಯೆತ್ತಿ, ಕಿವಿ ನಿಮಿರಿಸಿ ಓಟ ಕಿತ್ತರೆ ಉಳಿದವು ಕಾರಣ ವಿಚಾರಿಸದೆ ಓಡುತ್ತವೆ, ಏಕೆಂದರೆ ವಿಚಾರಿಸುತ್ತ ಹಿಂದುಳಿದವು ವಂಶ ಬೆಳೆಸಲು ಉಳಿಯಲಿಲ್ಲ. ನಾಯಿಗಳ ಬೊಗಳಿಕೆ, ಕೊಂಬಿನ ಕೂಗು, ಎಡಬಲದಲ್ಲಿ ಏಕಕಾಲಕ್ಕೆ ನುಗ್ಗುವ ಇತರ ಕುದುರೆಗಳು ಇವೆಲ್ಲ ಒಟ್ಟಾದಾಗ, ಸವಾರನು ಉತ್ಸಾಹವೆಂದು ಭಾವಿಸುವುದರಲ್ಲಿ ಅರ್ಧ ಭಾಗವಾದರೂ ಭಯವೇ ಇರುತ್ತದೆ. ಈ ಮಾತನ್ನು ಒಪ್ಪದವನು ಕುದುರೆಯನ್ನು ಹಟಮಾರಿಯೆಂದು ಶಿಕ್ಷಿಸುತ್ತಾನೆ, ಮತ್ತು ಶಿಕ್ಷೆಯಿಂದ ಅದರ ಭಯವನ್ನು ಇಮ್ಮಡಿಸುತ್ತಾನೆ.

ಜಿಜ್ಞಾಸು: ಮುಂದುವರಿಯುವ ಮೊದಲು ಒಂದು ಆಕ್ಷೇಪ. ಇಂಗ್ಲೆಂಡಿನಲ್ಲಿ ಈ ಬೇಟೆಯೇ ನಿಷಿದ್ಧವಾಗಿರುವಾಗ ಅದಕ್ಕೆ ಕುದುರೆಯನ್ನು ಸಿದ್ಧಪಡಿಸುವ ವಿಚಾರಕ್ಕೆ ಏನು ಬೆಲೆ?

ಅಶ್ವಜ್ಞ: 2004ರ ಬೇಟೆ ಕಾಯಿದೆ 2005ರ ಫೆಬ್ರವರಿ 18ರಂದು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಜಾರಿಗೆ ಬಂದ ಮೇಲೆ ನಾಯಿಹಿಂಡಿನಿಂದ ನರಿಯನ್ನು ಅಟ್ಟಿ ಕೊಲ್ಲುವುದು ಅಪರಾಧವಾಯಿತು. ಅದರ ಬದಲಿಗೆ ನೆಲದ ಮೇಲೆ ಮೊದಲೇ ಎಳೆದಿಟ್ಟ ವಾಸನೆಯ ಜಾಡನ್ನು ನಾಯಿಗಳು ಹಿಡಿದು ಹೋಗುವ ‘ಟ್ರೇಲ್ ಹಂಟಿಂಗ್’ ಪದ್ಧತಿ ಬಂದಿತು. ಅದರ ಮರೆಯಲ್ಲಿ ಹಳೆಯ ಬೇಟೆಯೇ ನಡೆಯುತ್ತದೆಯೆಂಬ ಆರೋಪವೂ ಜೊತೆಯಲ್ಲೇ ಬಂದಿತು. ನರಿಯ ಪ್ರಶ್ನೆಯನ್ನು ನರಿಯ ಪರವಾಗಿ ಪ್ರತ್ಯೇಕವಾಗಿಯೇ ಚರ್ಚಿಸಬೇಕು, ಅಲ್ಲಿ ಕಾಯಿದೆಯ ಪಕ್ಷವೇ ಬಲವಾದದ್ದು. ಕುದುರೆಯ ಮಟ್ಟಿಗೆ ಮಾತ್ರ ಮುಂದೆ ಓಡುವುದು ನರಿಯೋ ಬಟ್ಟೆಗೆ ಸವರಿದ ವಾಸನೆಯೋ ಎಂಬುದರಿಂದ ಏನೂ ಬದಲಾಗುವುದಿಲ್ಲ. ಅದೇ ಗುಂಪು, ಅದೇ ಕೊಂಬು, ಅದೇ ಬೇಲಿಗಳು.

ಜಿಜ್ಞಾಸು: ಹಾಗಾದರೆ ಆ ದಿನದ ಏರ್ಪಾಟನ್ನು ತಾವು ಮೊದಲು ವಿವರಿಸಿದರೆ ಮುಂದಿನದು ಸುಲಭವಾದೀತು.

ಅಶ್ವಜ್ಞ: ನಾಯಿಗಳನ್ನು ನಡೆಸುವವನು ಹಂಟ್ಸ್‌ಮನ್, ನಾಯಿಗಳನ್ನು ಅಲ್ಲಿ ಒಂದೊಂದಾಗಿ ಎಣಿಸದೆ ಜೋಡಿಯ ಲೆಕ್ಕದಲ್ಲಿ ಎಣಿಸುತ್ತಾರೆ. ಹಿಂದೆ ಬರುವ ಸವಾರರ ಗುಂಪಿಗೆ ಫೀಲ್ಡ್ ಎಂದೂ, ಅವರು ನಾಯಿಗಳ ಮೇಲೆ ಬೀಳದಂತೆ ಮುಂದೆ ನಿಂತು ತಡೆಯುವವನಿಗೆ ಫೀಲ್ಡ್ ಮಾಸ್ಟರ್ ಎಂದೂ ಹೆಸರು. ಅವನನ್ನು ಯಾರೂ ದಾಟಿ ಹೋಗಕೂಡದು. ನಾಯಿಗಳು ಹೊಕ್ಕು ಹುಡುಕುವ ಪೊದೆಗಾಡಿಗೆ ಕವರ್ಟ್ ಎನ್ನುತ್ತಾರೆ, ನಾಯಿಗಳು ವಾಸನೆ ತಪ್ಪಿ ನಿಂತಾಗ ಎಲ್ಲರೂ ನಿಲ್ಲುವ ಬಿಡುವಿಗೆ ಚೆಕ್ ಎನ್ನುತ್ತಾರೆ. ಮುಖ್ಯ ಋತು ನವೆಂಬರಿನ ಆರಂಭದಿಂದ ಮಾರ್ಚಿನವರೆಗೆ. ಅದಕ್ಕೆ ಮುಂಚೆ ಶರತ್ಕಾಲದ ನಸುಕಿನಲ್ಲಿ ಎಳೆಯ ನಾಯಿಗಳನ್ನೂ ಎಳೆಯ ಕುದುರೆಗಳನ್ನೂ ರೂಢಿಮಾಡಿಸುವ ಪೂರ್ವಾಭ್ಯಾಸ. ಇಡೀ ದಿನದಲ್ಲಿ ನಾಗಾಲೋಟಕ್ಕಿಂತ ನಿಲ್ಲುವುದು, ಕಾಯುವುದು, ಮೆಲ್ಲನೆ ನಡೆಯುವುದೇ ಹೆಚ್ಚು ಎಂಬುದನ್ನು ಹೊರಗಿನವರು ಗಮನಿಸುವುದಿಲ್ಲ. ಕುದುರೆ ಕೆಡುವುದು ಓಟದಲ್ಲಲ್ಲ, ಈ ಕಾಯುವಿಕೆಯಲ್ಲಿ.

ಜಿಜ್ಞಾಸು: ಕಾಯುವಾಗ ಅದರ ದೇಹದಲ್ಲಿ ಏನು ನಡೆಯುತ್ತದೆ?

ಅಶ್ವಜ್ಞ: ಕವರ್ಟಿನ ಅಂಚಿನಲ್ಲಿ ನಿಂತ ಒಂದು ಕುದುರೆಯನ್ನು ಹತ್ತಿರದಿಂದ ನೋಡಿದರೆ ಸಾಕು. ಕಿವಿಗಳೆರಡೂ ಪೊದೆಯ ಕಡೆಗೆ ನೆಟ್ಟಿರುತ್ತವೆ, ಒಂದು ಕಿವಿಯೂ ಸವಾರನ ಕಡೆಗೆ ಹಿಂತಿರುಗುವುದಿಲ್ಲ. ಕುತ್ತಿಗೆಯ ಮೇಲೆ ಲಗಾಮು ಉಜ್ಜುವ ಜಾಗದಲ್ಲಿ ಬೆವರು ಬಿಳಿಯ ನೊರೆಯಾಗಿ ಕಟ್ಟುತ್ತದೆ. ಹಿಂಗಾಲುಗಳ ಸಂದಿನಲ್ಲೂ ಅದೇ ನೊರೆ. ಮುಂಗಾಲು ಕೆಸರನ್ನು ಕೆದರುತ್ತದೆ, ಬಾಲ ಅತ್ತಿತ್ತ ಬೀಸುತ್ತದೆ, ಹೊಟ್ಟೆ ಬಿಗಿದು ಉಸಿರು ಮೇಲುಮೇಲಕ್ಕೆ ಆಡುತ್ತದೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 44ರಷ್ಟು ಬಡಿಯುವ ಹೃದಯ, ಒಂದು ಹೆಜ್ಜೆಯನ್ನೂ ಓಡದೆ ಬರಿಯ ನಿರೀಕ್ಷೆಯಿಂದಲೇ 100ನ್ನು ದಾಟಬಲ್ಲದು. ಪೂರ್ಣ ವೇಗದ ಓಟದಲ್ಲಿ ಅದು 200ನ್ನು ಮೀರುತ್ತದೆ. ಕುದುರೆಯ ಗುಲ್ಮವು, ಅಂದರೆ ಹೊಟ್ಟೆಯ ಎಡಬದಿಯಲ್ಲಿದ್ದು ಕೆಂಪು ರಕ್ತಕಣಗಳನ್ನು ಕೂಡಿಟ್ಟುಕೊಳ್ಳುವ ಅಂಗವು, ಉದ್ವೇಗದಲ್ಲಿ ಸಂಕೋಚಗೊಂಡು ಆ ಕಣಗಳನ್ನು ರಕ್ತಕ್ಕೆ ಸುರಿಯುತ್ತದೆ. ಹೀಗೆ ಓಡಲು ಎಲ್ಲ ಸಿದ್ಧತೆಯನ್ನೂ ಮುಗಿಸಿದ ದೇಹಕ್ಕೆ ಸವಾರನು ನಿಲ್ಲು ಎನ್ನುತ್ತಾನೆ. ಅದು ನಿಲ್ಲದಿದ್ದರೆ ಅಚ್ಚರಿಪಡಬೇಕಾದದ್ದಿಲ್ಲ.

ಜಿಜ್ಞಾಸು: ಅಂಥ ದೇಹವನ್ನು ತಡೆಯಲು ಗಟ್ಟಿ ಕಡಿವಾಣ ಬೇಕೆಂದು ಅನುಭವಿಗಳೇ ಹೇಳುತ್ತಾರಲ್ಲ?

ಅಶ್ವಜ್ಞ: ಆ ಮಾತಿನಲ್ಲಿ ಒಂದಂಶ ಸತ್ಯವಿದೆ, ಅದನ್ನು ಆಮೇಲೆ ನೋಡೋಣ. ಕಡಿವಾಣವು ಕುಳಿತುಕೊಳ್ಳುವುದು ಕುದುರೆಯ ಮುಂಹಲ್ಲಿಗೂ ದವಡೆಹಲ್ಲಿಗೂ ನಡುವಿನ ಹಲ್ಲಿಲ್ಲದ ಸಂದಿನಲ್ಲಿ, ಅಲ್ಲಿ ಮೂಳೆಯ ಮೇಲೆ ತೆಳುವಾದ ಚರ್ಮವಷ್ಟೇ ಇರುತ್ತದೆ. ಐನೂರು ಆರುನೂರು ಕಿಲೋ ತೂಗುವ ಪ್ರಾಣಿಯನ್ನು ತೋಳಿನ ಬಲದಿಂದ ಯಾರೂ ಹಿಡಿದು ನಿಲ್ಲಿಸಲಾರರು. ಹಿಡಿದಂತೆ ಕಾಣುವುದು ನೋವಿನಿಂದ. ಎಡೆಬಿಡದೆ ಎಳೆದ ಲಗಾಮಿಗೆ ಕುದುರೆ ತನ್ನ ತಲೆಯ ಭಾರವನ್ನೇ ಹೇರಿ ಒರಗಿಕೊಳ್ಳುತ್ತದೆ, ಸವಾರನ ಕೈಗಳೇ ಅದಕ್ಕೆ ಐದನೆಯ ಕಾಲಾಗುತ್ತವೆ. ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲಿ ಅಥೆನ್ಸಿನ ಕ್ಸೆನೊಫೊನ್ ಅಶ್ವಾರೋಹಣವನ್ನು ಕುರಿತು ಬರೆದ ಗ್ರಂಥದಲ್ಲಿ ಕೆರಳುವ ಕುದುರೆಗೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಕುದುರೆಯಲ್ಲಿನ ಕೆರಳುವಿಕೆಯನ್ನು ಮನುಷ್ಯನ ಕೋಪಕ್ಕೆ ಸಮಾನವೆಂದು ಅವನು ಎಣಿಸುತ್ತಾನೆ. ಆದ್ದರಿಂದ ಅಂಥ ಕುದುರೆಯನ್ನು ಹಠಾತ್ತಾಗಿ ಎಳೆಯದೆ ಮೆಲ್ಲಗೆ ತಡೆಯಬೇಕು, ಬಿರುಸಾದ ಕಡಿವಾಣಕ್ಕಿಂತ ನಯವಾದದ್ದೇ ಅದಕ್ಕೆ ತಕ್ಕದ್ದು, ಬೇರೆ ಕುದುರೆಗಳ ಜೊತೆ ಪಂದ್ಯಕ್ಕೆ ಬಿದ್ದು ಓಡಲು ಅದಕ್ಕೆ ಅವಕಾಶ ಕೊಡಬಾರದು ಎಂಬವು ಅವನ ಸಲಹೆಗಳು. ಅನುಕೂಲವಾದ ನೆಲವಿರುವಲ್ಲಿ ಬೇಟೆಯೇ ಸವಾರಿಯ ಒಳ್ಳೆಯ ಅಭ್ಯಾಸವೆಂದು ಹೇಳಿದವನೂ ಅವನೇ ಆದ್ದರಿಂದ, ಈ ಎರಡು ಮಾತುಗಳನ್ನು ಕೂಡಿಸಿ ಓದಬೇಕು.

ಜಿಜ್ಞಾಸು: ಆ ಸತ್ಯಾಂಶ ಯಾವುದು?

ಅಶ್ವಜ್ಞ: ಗುಂಪಿನಲ್ಲಿ ನಿಲ್ಲಿಸಲಾಗದ ಕುದುರೆ ತನ್ನ ಸವಾರನಿಗಿಂತ ಪಕ್ಕದವನಿಗೆ ಹೆಚ್ಚು ಅಪಾಯಕಾರಿ. ಅದು ನಾಯಿಯನ್ನು ತುಳಿಯಬಹುದು, ಬೇಲಿಯ ಮುಂದೆ ಇನ್ನೊಂದು ಕುದುರೆಗೆ ಅಡ್ಡಬರಬಹುದು, ಮಕ್ಕಳು ಕೂತ ಪೋನಿಗೆ ಡಿಕ್ಕಿ ಹೊಡೆಯಬಹುದು. ಆದುದರಿಂದ ದಿನನಿತ್ಯ ಸ್ನಾಫಲ್ ಎಂಬ ಸಾದಾ ಕಡಿವಾಣದಲ್ಲಿ ನಡೆಯುವ ಕುದುರೆಗೆ ಬೇಟೆಯ ದಿನ ಪೆಲ್ಹಾಮಿನಂಥ, ಗದ್ದದ ಕೆಳಗೆ ಸರಪಳಿಯಿದ್ದು ಸನ್ನೆಯ ತತ್ತ್ವದಿಂದ ಕೆಲಸ ಮಾಡುವ ಕಡಿವಾಣವನ್ನು ಎರಡು ಲಗಾಮುಗಳೊಂದಿಗೆ ತೊಡಿಸುವುದರಲ್ಲಿ ತಪ್ಪಿಲ್ಲ. ಆದರೆ ಮೊದಲ ಲಗಾಮಿನಲ್ಲಿ ಸವಾರಿ ಮಾಡಿ, ಎರಡನೆಯದನ್ನು ಅಗತ್ಯಬಿದ್ದ ಕ್ಷಣದಲ್ಲಿ ಮುಟ್ಟಿ ಮರುಕ್ಷಣವೇ ಬಿಡಬಲ್ಲ ಕೈ ಇದ್ದವನಿಗೆ ಮಾತ್ರ ಅದು ಸಲ್ಲುತ್ತದೆ. ಹೊಸ ಕಡಿವಾಣವನ್ನು ಬೇಟೆಯ ಬೆಳಿಗ್ಗೆಯೇ ಮೊದಲ ಬಾರಿಗೆ ತೊಡಿಸುವುದಂತೂ ಶುದ್ಧ ಅವಿವೇಕ. ಕಡಿವಾಣವನ್ನು ಬದಲಿಸುವ ಮೊದಲು ಹಲ್ಲು ಚೂಪಾಗಿದೆಯೇ, ಜೀನು ಬೆನ್ನನ್ನು ಒತ್ತುತ್ತಿದೆಯೇ, ಹೊಟ್ಟೆಯಲ್ಲಿ ಹುಣ್ಣಿದೆಯೇ ಎಂದು ಪಶುವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ನೋವಿನಿಂದ ಓಡುವ ಕುದುರೆಗೆ ಯಾವ ಕಡಿವಾಣವೂ ಮದ್ದಲ್ಲ.

ಜಿಜ್ಞಾಸು: ಹಾಗಾದರೆ ಸಿದ್ಧತೆ ಎಲ್ಲಿಂದ ಆರಂಭವಾಗಬೇಕು?

ಅಶ್ವಜ್ಞ: ಬೇಸಗೆಯ ಕೊನೆಯಿಂದ. ಮೊದಲ ವಾರಗಳಲ್ಲಿ ಗಟ್ಟಿ ರಸ್ತೆಯ ಮೇಲೆ ನಡಿಗೆಯಷ್ಟೇ, ಅನಂತರ ಕುಕ್ಕುಲೋಟ, ಏರುನೆಲದಲ್ಲಿ ನಿಧಾನದ ದೌಡು. ದೇಹ ಹದಗೊಂಡ ಮೇಲೆ ಬರುವ ಪಾಠವೇ ನಿಜವಾದದ್ದು, ಅದನ್ನು ಬಹುಮಂದಿ ಬಿಟ್ಟೇಬಿಡುತ್ತಾರೆ. ಎರಡು ಕುದುರೆಗಳು ಒಟ್ಟಿಗೆ ಹೋಗುವಾಗ ಹಿಂದಿನದು ಮುಂದಿನದನ್ನು ಕುಕ್ಕುಲೋಟದಲ್ಲಿ ದಾಟಿ ನಡಿಗೆಗೆ ಇಳಿಯಬೇಕು, ಮತ್ತೆ ಸರದಿ ಬದಲಾಗಬೇಕು. ಒಂದು ಮುಂದೆ ಹೋಗುತ್ತಿದ್ದರೂ ಇನ್ನೊಂದು ನಿಂತು ನೋಡಬೇಕು. ಗುಂಪು ಎಡಕ್ಕೆ ತಿರುಗಿದಾಗ ಒಂಟಿಯಾಗಿ ಬಲಕ್ಕೆ ತಿರುಗಬೇಕು. ಎರಡರಲ್ಲಿ ಸಾಧ್ಯವಾದದ್ದನ್ನು ನಾಲ್ಕರಲ್ಲಿ, ನಾಲ್ಕರಲ್ಲಿ ಸಾಧ್ಯವಾದದ್ದನ್ನು ಎಂಟರಲ್ಲಿ ಮಾಡಬೇಕು. ಬೇರೆ ಕುದುರೆ ಓಡಿದ್ದು ತಾನೂ ಓಡಬೇಕೆಂಬ ಅಪ್ಪಣೆಯಲ್ಲ ಎಂಬುದನ್ನು ಕುದುರೆ ಹೀಗೆಯೇ ಕಲಿಯುತ್ತದೆ, ಬೇಟೆಯ ಬಯಲಿನಲ್ಲಿ ಮಾತ್ರ ಕಲಿಯಲಾರದು. ಪಂದ್ಯದ ಮೈದಾನದಿಂದ ನಿವೃತ್ತವಾದ ಥರೋಬ್ರೆಡ್ ಕುದುರೆಗಳಿಗೆ ಈ ಪಾಠ ಎರಡರಷ್ಟು ಬೇಕು. ಪಕ್ಕದಲ್ಲಿ ಇನ್ನೊಂದು ಕುದುರೆ ವೇಗ ಹೆಚ್ಚಿಸಿದರೆ ತಾನೂ ಹೆಚ್ಚಿಸಬೇಕು, ಲಗಾಮು ಬಿಗಿಯಾದರೆ ಅದಕ್ಕೆ ಒರಗಿ ಓಡಬೇಕು ಎಂದು ಅವುಗಳಿಗೆ ಮನುಷ್ಯರೇ ಕಲಿಸಿರುತ್ತಾರೆ. ಕಲಿಸಿದ್ದನ್ನು ಮಾಡಿದ ಪ್ರಾಣಿಯನ್ನು ಹುಚ್ಚು ಕುದುರೆಯೆಂದು ಕರೆಯುವುದು ನ್ಯಾಯವಲ್ಲ.

ಜಿಜ್ಞಾಸು: ಕನ್ನಡ ನಾಡಿನ ಹಳೆಯ ಗ್ರಂಥಗಳಲ್ಲಿ ಈ ಬಗೆಯ ಕ್ರಮ ಕಾಣುತ್ತದೆಯೇ?

ಅಶ್ವಜ್ಞ: ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮೃಗಯೆ ಒಂದು ವಿನೋದ, ವೈಹಾಳಿಯಲ್ಲಿ ಕುದುರೆಗಳನ್ನು ಆಡಿಸುವುದು ಬೇರೆಯೇ ಒಂದು ವಿನೋದ. ವೈಹಾಳಿಯೆಂದರೆ ಕುದುರೆಯನ್ನು ಸಾಮು ಮಾಡಿಸುವ, ಓಡಿಸಿ ತಿರುಗಿಸುವ ಬಯಲು. ಇಂಗ್ಲೆಂಡಿನ ನಾಯಿಬೇಟೆಯನ್ನು ಅಲ್ಲಿ ಹುಡುಕುವುದು ವ್ಯರ್ಥ. ಆದರೆ ಪಳಗಿಸುವ ಬಯಲು ಬೇರೆ, ಬೇಟೆಯ ಕಾಡು ಬೇರೆ ಎಂಬ ವಿಂಗಡಣೆಯನ್ನು ಅಲ್ಲಿ ಕಾಣಬಹುದು, ಇಲ್ಲಿ ಅಷ್ಟೇ ಪ್ರಸ್ತುತ.

ಜಿಜ್ಞಾಸು: ಆಹಾರದಿಂದ ಕುದುರೆ ಕೆರಳುತ್ತದೆ ಎಂಬ ಮಾತೂ ಉಂಟು.

ಅಶ್ವಜ್ಞ: ಉಂಟು, ಮತ್ತು ಅದು ಬಹುಮಟ್ಟಿಗೆ ಸರಿ. ಮಾಡುವ ಕೆಲಸಕ್ಕೆ ಮೀರಿ ಓಟ್ಸ್ ಮೊದಲಾದ ಪಿಷ್ಟದ ಕಾಳುಗಳನ್ನು ತಿನ್ನಿಸಿ, ಲಾಯದಲ್ಲೇ ಕಟ್ಟಿಹಾಕಿ, ವಾರಕ್ಕೊಮ್ಮೆ ಹೊರತಂದರೆ ಎಂಥ ಕುದುರೆಯೂ ಸಿಡಿಯುತ್ತದೆ. ಕೆರಳುವ ಸ್ವಭಾವದವಕ್ಕೆ ಒಣಹುಲ್ಲು ಮತ್ತು ಎಣ್ಣೆಯಂಶದಿಂದ ಶಕ್ತಿಯೊದಗಿಸಿ, ದಿನದ ಹೆಚ್ಚು ಹೊತ್ತು ಹುಲ್ಲುಗಾವಲಿನಲ್ಲಿ ಬಿಡುವುದು ಮೇಲು. ಕುದುರೆಯ ಹೊಟ್ಟೆಯಲ್ಲಿ ಆಮ್ಲ ಎಡೆಬಿಡದೆ ಸ್ರವಿಸುವುದರಿಂದ ಬೇಟೆಯ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಹೊರಡಿಸದೆ ಸ್ವಲ್ಪ ಒಣಹುಲ್ಲನ್ನಾದರೂ ತಿನ್ನಿಸಿರಬೇಕು. ಶಾಂತಗೊಳಿಸುವವೆಂದು ಮಾರುವ ಪುಡಿಗಳ ಮೇಲೆ ನಂಬಿಕೆಯಿಡುವುದು ಬೇಡ. ಮತ್ತು ಬರಿಸುವ ಔಷಧಿ ಕೊಟ್ಟ ಕುದುರೆಯ ಮೇಲೆ ಕೂತು ಬೇಲಿ ಹಾರುವುದಂತೂ ಪ್ರಾಣಕ್ಕೇ ಅಪಾಯ.

ಜಿಜ್ಞಾಸು: ಇನ್ನು ಆ ದಿನದ ನಡವಳಿಕೆ.

ಅಶ್ವಜ್ಞ: ಕುದುರೆಯನ್ನು ಲಾರಿಯಲ್ಲಿ ನೇರವಾಗಿ ಗುಂಪಿನ ನಡುವೆ ಇಳಿಸದೆ, ಒಂದೆರಡು ಮೈಲು ಹಿಂದೆಯೇ ಇಳಿಸಿ ನಡೆಸಿಕೊಂಡು ಬರುವ ಹಳೆಯ ರೂಢಿ ಎಲ್ಲ ಉಪಾಯಗಳಿಗಿಂತ ಅಗ್ಗ, ಎಲ್ಲಕ್ಕಿಂತ ಫಲಕಾರಿ. ಸೇರುವ ಸ್ಥಳದಲ್ಲಿ ನಟ್ಟನಡುವೆ ನಿಂತು ಮಾತಿಗೆ ತೊಡಗದೆ, ಅಂಚಿನಲ್ಲಿ, ಹಿಂಭಾಗವನ್ನು ಬೇಲಿಯ ಕಡೆಗಿಟ್ಟು ನಿಲ್ಲಬೇಕು. ಕುದುರೆಗೆ ಸುತ್ತ ಸುಮಾರು 350 ಡಿಗ್ರಿಯಷ್ಟು ಕಾಣುತ್ತದೆಯಾದರೂ ನೇರ ಬೆನ್ನಹಿಂದಿನ ಕಿರಿದಾದ ಪಟ್ಟಿ ಕಾಣದು. ಆ ಕಾಣದ ಕಡೆಯಿಂದ ಬಂದದ್ದನ್ನು ಒದೆಯುವುದು ಅದರ ಸಹಜ ಪ್ರತಿಕ್ರಿಯೆ. ನಾಯಿಗಳು ಹಾದುಹೋಗುವಾಗ ಕುದುರೆಯ ತಲೆಯನ್ನು ಅವುಗಳ ಕಡೆಗೆ ತಿರುಗಿಸಬೇಕೆಂಬ ಕಟ್ಟುಪಾಡು ಬಂದದ್ದು ಇದರಿಂದಲೇ, ನಾಯಿಯನ್ನು ಒದೆಯುವುದಕ್ಕಿಂತ ದೊಡ್ಡ ಅಪರಾಧ ಆ ಸಮಾಜದಲ್ಲಿಲ್ಲ. ಒದೆಯುವ ಕುದುರೆಯ ಬಾಲಕ್ಕೆ ಕೆಂಪು ಪಟ್ಟಿಯನ್ನೂ ಎಳೆಯ, ಅನುಭವವಿಲ್ಲದ ಕುದುರೆಯ ಬಾಲಕ್ಕೆ ಹಸುರು ಪಟ್ಟಿಯನ್ನೂ ಕಟ್ಟುತ್ತಾರೆ. ಪಟ್ಟಿ ಕಟ್ಟಿದೆನೆಂದು ಸವಾರನ ಹೊಣೆ ಮುಗಿಯುವುದಿಲ್ಲ, ಹಿಂದೆ ಸರಿದು ನಿಲ್ಲಬೇಕಾದವನು ಅವನೇ.

ಜಿಜ್ಞಾಸು: ಕೆಲವರು ಕುದುರೆ ಅಲುಗಾಡದೆ ನಿಲ್ಲುವವರೆಗೂ ಬಿಡಬಾರದು ಎನ್ನುತ್ತಾರೆ, ಕೆಲವರು ನಿಲ್ಲಿಸಲೇಬಾರದು ಎನ್ನುತ್ತಾರೆ. ಯಾವುದು ಸರಿ?

ಅಶ್ವಜ್ಞ: ತರಬೇತಿಯ ಅಂಗಳದಲ್ಲಿ ಮೊದಲಿನವರು ಸರಿ, ಬೇಟೆಯ ಬಯಲಿನಲ್ಲಿ ಎರಡನೆಯವರು. ಕುದಿಯುತ್ತಿರುವ ಕುದುರೆಯನ್ನು ಬಿಗಿದು ನಿಲ್ಲಿಸಿದರೆ ಆ ಶಕ್ತಿ ಮೇಲಕ್ಕೆ ಹೋಗುತ್ತದೆ, ಅಂದರೆ ಅದು ಹಿಂಗಾಲ ಮೇಲೆ ಎದ್ದು ನಿಲ್ಲುತ್ತದೆ. ಅದಕ್ಕಿಂತ ಗುಂಪಿನಿಂದ ಇಪ್ಪತ್ತು ಗಜ ಸರಿದು, ದೊಡ್ಡ ವೃತ್ತದಲ್ಲಿ ನಡೆಸಿ, ಎಡಕ್ಕೆ ಬಲಕ್ಕೆ ತಿರುಗಿಸಿ, ಒಂದು ಕಾಲಿನ ಒತ್ತಿಗೆ ಪಕ್ಕಕ್ಕೆ ಹೆಜ್ಜೆ ಇಡಿಸಬೇಕು. ಇದರ ಉದ್ದೇಶ ದಣಿಸುವುದಲ್ಲ, ಸಣ್ಣ ಸಣ್ಣ ಪ್ರಶ್ನೆಗಳನ್ನು ಕೇಳಿ ಉತ್ತರ ಪಡೆಯುವುದು. ಒಂದು ಕಿವಿ ಸವಾರನ ಕಡೆಗೆ ತಿರುಗಿತೆಂದರೆ ಕುದುರೆ ಕೇಳುತ್ತಿದೆ ಎಂದರ್ಥ. ಆ ಗಳಿಗೆಯಲ್ಲಿ ಲಗಾಮನ್ನು ಸಡಿಲಿಸಬೇಕು. ಸಡಿಲಿಸದಿದ್ದರೆ ಕೇಳಿದ್ದಕ್ಕೆ ಅದಕ್ಕೆ ಸಿಕ್ಕಿದ್ದೇನೂ ಇಲ್ಲ.

ಜಿಜ್ಞಾಸು: ಕೊಂಬು ಊದಿ ಗುಂಪು ಹೊರಟ ಮೇಲೆ ಇಂಥ ಪ್ರಶ್ನೋತ್ತರಕ್ಕೆ ಸಮಯವೆಲ್ಲಿ?

ಅಶ್ವಜ್ಞ: ಸಮಯ ಕಡಿಮೆಯಿದ್ದರೂ ವಿಧಾನ ಅದೇ. ಎರಡು ಲಗಾಮುಗಳನ್ನು ಒಂದರ ಮೇಲೊಂದಿಟ್ಟು ಎರಡೂ ಕೈಗಳಲ್ಲಿ ಹಿಡಿದರೆ ಕುತ್ತಿಗೆಯ ಮೇಲೆ ಒಂದು ಸೇತುವೆ ಕಟ್ಟಿದಂತಾಗುತ್ತದೆ; ಕುದುರೆ ಎಳೆದಾಗ ಆ ಎಳೆತ ಸವಾರನ ತೋಳಿಗೆ ಬಾರದೆ ಕುದುರೆಯ ಕುತ್ತಿಗೆಗೇ ಬೀಳುತ್ತದೆ, ಸೋಲುವ ಜಗ್ಗಾಟವೂ ತಪ್ಪುತ್ತದೆ. ಒಂದು ಕೈಯನ್ನು ಹೀಗೆ ಊರಿ, ಇನ್ನೊಂದರಿಂದ ದಾಪುಗಾಲಿನ ಲಯಕ್ಕೆ ಸರಿಯಾಗಿ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡಬೇಕು. ಮೈಯನ್ನು ಮುಂದಕ್ಕೆ ಬಾಗಿಸಿದರೆ ಕುದುರೆ ಅದನ್ನು ಓಡೆಂಬ ಸೂಚನೆಯೆಂದು ತಿಳಿಯುತ್ತದೆ, ಆದ್ದರಿಂದ ಬೆನ್ನು ನೆಟ್ಟಗಾಗಿ ಹಿಮ್ಮಡಿ ಕೆಳಗಿಳಿಯಬೇಕು. ಸವಾರ ಉಸಿರು ಕಟ್ಟಿಕೊಂಡಿದ್ದರೆ ಅವನ ತೊಡೆ ಬಿಗಿಯುತ್ತದೆ, ತೊಡೆ ಬಿಗಿದರೆ ಕುದುರೆ ಇನ್ನೂ ಓಡುತ್ತದೆ. ಮುಂದೆ ಶಾಂತವಾದ ಹಿರಿಯ ಕುದುರೆಯೊಂದು ಸಮವೇಗದಲ್ಲಿ ಹೋಗುತ್ತಿದ್ದರೆ ಅದರ ಹಿಂದೆ, ಆದರೆ ಅದರ ಗೊರಸಿಗೆ ತಾಗದಷ್ಟು ಅಂತರದಲ್ಲಿ, ಒಂದಿಷ್ಟು ಬದಿಗೆ ಸರಿದು ಹೋಗುವುದು ಉತ್ತಮ. ಎಲ್ಲರ ಹಿಂದೆ ಇಟ್ಟ ಕುದುರೆ ತಾನು ಬಿಟ್ಟುಹೋದೆನೆಂಬ ಗಾಬರಿಯಲ್ಲಿ ಹುಚ್ಚಾಗುತ್ತದೆ, ಎಲ್ಲರ ಮುಂದಿಟ್ಟದ್ದು ಪಂದ್ಯವೆಂದು ಭ್ರಮಿಸುತ್ತದೆ. ಮುಂಭಾಗದ ಮೂರನೆಯ ಒಂದಂಶದಲ್ಲಿ, ಅಂಚಿಗೆ ಇರುವ ಜಾಗವೇ ಬಹುತೇಕ ಕುದುರೆಗಳಿಗೆ ಹಿತ. ಬೇಲಿಯ ಮುಂದೆ ಮುಂದಿನವನು ಇಳಿದು ಸಾಗುವವರೆಗೂ ಕಾಯಬೇಕು, ನಿರಾಕರಿಸಿದ ಕುದುರೆಯನ್ನು ಅಲ್ಲೇ ಸುತ್ತಿಸದೆ ಸರದಿಯ ಕೊನೆಗೆ ಒಯ್ಯಬೇಕು.

ಜಿಜ್ಞಾಸು: ಮತ್ತೆ ಚೆಕ್ ಬಂದಾಗ?

ಅಶ್ವಜ್ಞ: ಓಟದ ನಂತರದ ಮೊದಲ ಎರಡು ನಿಮಿಷ ಸಂಭಾಷಣೆಗೆ ಸಲ್ಲದು, ಅದು ಕುದುರೆಗೆ ಸೇರಿದ ಕಾಲ. ಲಗಾಮನ್ನು ಉದ್ದ ಬಿಟ್ಟು ನಡೆಸಿ, ತಲೆ ಕೆಳಗಿಳಿದು ಮೂಗಿನಿಂದ ದೀರ್ಘ ಉಸಿರು ಬಿಟ್ಟ ಮೇಲೆ ನಿಲ್ಲಿಸಬೇಕು. ಆ ದಿನ ಕುದುರೆಯನ್ನು ಸೋಲುವಷ್ಟು ಓಡಿಸಿದರೆ ತಾನೇ ತಣ್ಣಗಾಗುತ್ತದೆಂಬ ನಂಬಿಕೆ ವ್ಯಾಪಕವಾಗಿದೆ, ಅದು ತಪ್ಪು: ದಣಿದ ಕುದುರೆ ಎಡವುತ್ತದೆ, ಸ್ನಾಯುಸೆಳೆತಕ್ಕೆ ತುತ್ತಾಗುತ್ತದೆ, ಮುಂದಿನ ವಾರ ಇನ್ನಷ್ಟು ಗಟ್ಟಿಮುಟ್ಟಾಗಿ ಬಂದು ಇನ್ನಷ್ಟು ಎಳೆಯುತ್ತದೆ. ಎಳೆಯ ಕುದುರೆಯನ್ನು ಅದು ಇನ್ನೂ ಮಾತು ಕೇಳುತ್ತಿರುವಾಗಲೇ, ಒಂದೆರಡು ಗಂಟೆಗಳೊಳಗೆ, ಫೀಲ್ಡ್ ಮಾಸ್ಟರಿಗೆ ತಿಳಿಸಿ ಒಂಟಿಯಾಗಿ ಮನೆಗೆ ನಡೆಸಿಕೊಂಡು ಹೋಗಬೇಕು. ಗುಂಪನ್ನು ಬಿಟ್ಟು ಹೋಗುವುದೂ ಒಂದು ಪಾಠವೇ.

ಜಿಜ್ಞಾಸು: ಇಷ್ಟೆಲ್ಲ ಮಾಡಿದರೂ ಶಾಂತವಾಗದ ಕುದುರೆಯನ್ನು ಏನು ಮಾಡಬೇಕು?

ಅಶ್ವಜ್ಞ: ಅಂಥವು ಇವೆ, ಅವನ್ನು ಒಪ್ಪಿಕೊಳ್ಳಲು ಸವಾರನ ಅಭಿಮಾನ ಅಡ್ಡಬರುತ್ತದೆ. ಒಂದು ಪೂರ್ಣ ಋತುವಿನ ತಾಳ್ಮೆಯ ಅಭ್ಯಾಸದ ಬಳಿಕವೂ ಚೆಕ್‌ನಲ್ಲಿ ನಡಿಗೆಗೆ ಇಳಿಯದ ಕುದುರೆ ಒಂಟಿ ಸವಾರಿಗೋ ಅಂಗಳದ ಡ್ರೆಸಾಜ್ ಅಭ್ಯಾಸಕ್ಕೋ ಚೆನ್ನಾಗಿ ಒದಗಬಹುದು. ಬೇಟೆಯ ಬಯಲಿಗೆ ಮಾತ್ರ ಅದನ್ನು ಮತ್ತೆ ತರಕೂಡದು. ಮಾರುವುದಾದರೆ ಈ ಸಂಗತಿಯನ್ನು ಕೊಳ್ಳುವವನಿಗೆ ಮೊದಲೇ ತಿಳಿಸಬೇಕು.